ದಡದ ಮೇಲಿಂದ ಕಂಡ ಹೊಳೆ

ಆ ಕಾರ್ತಿಕ ಸೋಮವಾರದ ಬೆಳಿಗ್ಗೆ ಹರಿಹರದ ಮೇಲೆ ಮಂಜು ಹೇಗೆ ಕವಿದಿತ್ತೆಂದರೆ ಹೊಳೆಯೂ ಇಲ್ಲ, ಸೇತುವೆಯೂ ಇಲ್ಲ. ಗುಡಿಯ ಗಂಟೆ ಮಾತ್ರ ಎಲ್ಲಿಂದಲೋ ಕೇಳುತ್ತಿತ್ತು. ಹೆಂಗಸರು ನೀರಿನ ಸದ್ದನ್ನೇ ನಂಬಿ ತುಂಗಭದ್ರೆಗೆ ದೀಪ ಬಿಡುತ್ತಿದ್ದರು. ಬಿಟ್ಟ ದೀಪ ನಾಲ್ಕು ಮಾರು ಹೋಗುವುದರೊಳಗೆ ಮಂಜಿನ ಹೊಟ್ಟೆ ಸೇರುತ್ತಿತ್ತು.

ಎಎಸ್‌ಐ ಶಿವಯೋಗಪ್ಪ ಒಂದು ಕೈಯಲ್ಲಿ ಎಲೆಯ ದೊನ್ನೆ, ಅದರೊಳಗೆ ತುಪ್ಪದ ಬತ್ತಿ, ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು ಮೆಟ್ಟಿಲಿಳಿದರು. ಕಡ್ಡಿ ಗೀರಬೇಕು, ಜೇಬಿನೊಳಗೆ ಫೋನು ಬಡಕೊಂಡಿತು.

"ಸರ್, ಹೊಳೆದಂಡಿ ಮಕ್ತುಮ್ ಸಾಬ್ರ ಮನಿ ಮುಂದ ಕಳುವಾಗೈತೆ." ಕಾನ್‌ಸ್ಟೇಬಲ್ ಗಣೇಶನ ದನಿ.

"ಏನು ಹೋತಪ?"

"ದೋಣಿ ಸರ್. ಪ್ಲಾಸ್ಟಿಕ್ಕಿಂದು."

"ಕಾರ್ತಿಕ ಸೋಮವಾರ ನಸುಕಿನಾಗ ಪ್ಲಾಸ್ಟಿಕ್ ದೋಣಿ ಕದಿಯಾಕ ಯಾವನಿಗೆ ಪುರುಸೊತ್ತಾತೋ ಮಾರಾಯಾ!"

ದೇವರಿಗೆ ಅಲ್ಲಿಂದಲೇ ಕೈಮುಗಿದರು. ಬತ್ತಿ ಹಚ್ಚದ ದೊನ್ನೆಯನ್ನು ಕರವಸ್ತ್ರದಲ್ಲಿ ಸುತ್ತಿ ಜೀಪಿನ ಮುಂದೆ ಗಾಜಿನ ಹತ್ತಿರ ಇಟ್ಟರು. ಇನ್ನೇನು ಗಳಿಗೆಯ ಕೆಲಸ, ಬಂದು ಬಿಟ್ಟರಾಯಿತು ಅಂದುಕೊಂಡರು. ಅಂದುಕೊಂಡಿದ್ದೆಲ್ಲ ಆಗುವ ಹಾಗಿದ್ದರೆ ಠಾಣೆಗಳೇ ಬೇಕಾಗುತ್ತಿರಲಿಲ್ಲ.

* * *

ಮಕ್ತುಮ್ ಸಾಬ್ ತೆಪ್ಪ ನಡೆಸಿ ಮೀನು ಹಿಡಿಯುವವರು. ಮನೆ ಮುಂದಿನ ಬೇವಿನ ಮರಕ್ಕೆ ಕತ್ತರಿಸಿದ ಹಗ್ಗದ ತುಂಡು ಜೋತಾಡುತ್ತಿತ್ತು. ಅದರ ಕೆಳಗೆ ಅವರ ಮಗಳು ಗುಲ್ನಾಜ್ ನಿಂತಿದ್ದಳು. ದಾವಣಗೆರೆಯ ಈಜುಕೊಳದಲ್ಲಿ ಹುಡುಗಿಯರಿಗೆ ಈಜು ಕಲಿಸುವವಳು. ಅಳುತ್ತಿರಲಿಲ್ಲ. ಸಿಟ್ಟಿಗೆ ಮೂಗಿನ ತುದಿ ಕೆಂಪಾಗಿತ್ತು.

"ಕಯಾಕ್ ಅಂತಾರ ಸರ್ ಅದಕ್ಕೆ. ಒಬ್ರೇ ಕೂಡೋದು. ಬಂಡೆ ನಡುವೆ ನೊರೆ ಕಾರಿಕೊಂಡು ಹರಿಯೋ ಬಿಳಿನೀರಿನಾಗ ಇಳಿಸೋದು. ಕೆಂಪಂದು."

"ಬೆಲೆ ಎಷ್ಟವ್ವ?"

"ಬೆಲೆ ಇರ್ಲಿ ಸರ್. ಸಂಜೆ ರೈಲಿಗೆ ನಾನು ಅದನ್ನ ತಗಂಡು ಹೊರಡಬೇಕು. ಅರುಣಾಚಲದ ಸಿಯಾಂಗ್ ಹೊಳೆಗೆ. ದೇಶದಾಗ ಅದಕ್ಕಿಂತ ಕಠಿಣ ಹೊಳೆ ಇಲ್ಲ ಅಂತಾರ. ಟೀಮಿನಾಗ ನಾನೊಬ್ಳೇ ಹುಡುಗಿ. ದೋಣಿ ಇಲ್ಲ ಅಂದ್ರ ನನ್ನ ಜಾಗ ಇನ್ನೊಬ್ರಿಗೆ."

"ಬ್ಯಾರೆ ದೋಣಿ?"

"ಬ್ಯಾರೆಯವ್ರ ಚಪ್ಪಲಿ ಹಾಕ್ಕೊಂಡು ಬೆಟ್ಟ ಹತ್ತಾಕಾಗ್ತದಾ ಸರ್? ಕುಂಡಿ, ತೊಡಿ, ಪಾದ ಎಲ್ಲಾ ಅಳತಿಗೆ ಕೂತಿರಬೇಕು. ಇಲ್ಲಾಂದ್ರ ಮಗಚಿದಾಗ ತಿರುಗಿ ಏಳಾಕಾಗಲ್ಲ. ಏಳಲಿಲ್ಲಾಂದ್ರ..."

ಅವಳು ದಂಡೆಗುಂಟ ದೋಣಿ ಹುಡುಕಲು ಮಂಜಿನೊಳಗೆ ನಡೆದೇಬಿಟ್ಟಳು.

ಪಕ್ಕದ ಮನೆಯ ಸೂರಪ್ಪ ಹಲ್ಲುಜ್ಜುತ್ತಲೇ ಹತ್ತಿರ ಬಂದ. "ಸಾಹೇಬ್ರೆ, ಮೊನ್ನೆ ಮಕ್ತುಮ್ ಸಾಬ್ರೇ ಕೂಗ್ಯಾಡ್ತಿದ್ರು. 'ಇದನ್ನ ಒಲಿಗೆ ಹಾಕಿ ನೀರು ಕಾಸ್ತೀನಿ' ಅಂತ. ನಾನ್ಯಾಕ ಹೇಳ್ಲಿ ಅಂತ ಸುಮ್ನಿದ್ದೆ."

"ಸುಮ್ನಿರಾದು ಅಂದ್ರ ಇದೇ ಏನಪ?"

ಮಕ್ತುಮ್ ಸಾಬ್ ತಲೆ ತಗ್ಗಿಸಲಿಲ್ಲ. "ಹೌದ್ರಿ, ಅಂದೀನಿ. ಮೂರು ವರ್ಷದ ಹಿಂದ ಆ ಸಿಯಾಂಗ್ ಹೊಳಿ ನಮ್ಮ ಕರಿಬಸವರಾಜನ್ನ ನುಂಗ್ತು. ಇಕಿಗೆ ಕಲಿಸಿದ ಗುರು ಅವ. ಗುರುನ್ನ ನುಂಗಿದ ಹೊಳಿಗೆ ಮಗಳು ಹೊಂಟ್ರ ಅಪ್ಪ ಆದಂವ ಬೈಯಬಾರ್ದಾ? ಬೈದೀನಿ. ಕದ್ದಿಲ್ಲ."

ಅಷ್ಟರಲ್ಲಿ ಗಣೇಶ ಜಾಲಿಪೊದೆಯೊಳಗಿಂದ ಒಂದು ಮಂಡಕ್ಕಿ ಚೀಲ ಎಳೆದು ತಂದ. ಒಳಗೆ ನೀಲಿ ನೈಲಾನ್ ಹಗ್ಗ. ಒಂದು ತುದಿ ಕುಣಿಕೆ ಕಟ್ಟಿ ಚೀಲದ ಬಾಯಿಂದ ಹೊರಗೆ ಬಿಟ್ಟಿತ್ತು. ಗಣೇಶ ಕುಣಿಕೆ ಹಿಡಿದೆಳೆದ. ಹಗ್ಗ ಸರಸರನೆ ಬಂತು. ಒಂದು ಗಂಟಿಲ್ಲ, ಒಂದು ಸಿಕ್ಕಿಲ್ಲ. ಕೊನೆಯ ತುದಿಯನ್ನು ಚಾಕುವಿನಿಂದ ಹೊಸದಾಗಿ ಕೊಯ್ದಿದ್ದರು.

"ಹಗ್ಗ ನಿಮ್ದೇನ್ರಿ?"

"ನಮ್ದಾಗಿದ್ರ ಸುತ್ತಿ ಇಡ್ತಿದ್ವಿ. ಹಿಂಗ ಹತ್ತಿ ತುಂಬಿದಂಗ ಯಾರು ತುರುಕ್ತಾರ?"

ಶಿವಯೋಗಪ್ಪ ಮಾತು ಕೇಳಿಸಿಕೊಂಡರು, ಗಮನಕ್ಕೆ ತಂದುಕೊಳ್ಳಲಿಲ್ಲ. ಫೋನು ಮತ್ತೆ ಬಡಕೊಳ್ಳುತ್ತಿತ್ತು. ಹೆಂಡತಿ ನಾಗಕ್ಕ.

"ದೀಪ ಬಿಟ್ರೇನ್ರಿ?"

"ಇನ್ನೂ ಇಲ್ಲ."

"ನಸುಕಿನಾಗ ಹೋದೋರು ಇನ್ನೂ ಬಿಟ್ಟಿಲ್ಲಾ? ಹೊಳಿ ಏನು ಬತ್ತೇತೇನು?"

* * *

ಎರಡನೆಯ ಅನುಮಾನ ಇಮ್ರಾನ್ ಮೇಲೆ ಬಿತ್ತು. ಗುಲ್ನಾಜಳ ಸೋದರತ್ತೆಯ ಮಗ, ಅವಳ ಜೊತೆಗೇ ಕಯಾಕ್ ಕಲಿತವನು. ಅವಳು ಹೋಗದಿದ್ದರೆ ಅವಳ ಜಾಗ ಅವನಿಗೇ. ವೆಲ್ಡಿಂಗ್ ಅಂಗಡಿಯ ಮುಂದೆ ಬಲಗೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ.

"ನಿನ್ನೆ ರಾತ್ರಿ ಎಲ್ಲಿದ್ದೆಪ್ಪ?"

"ಗುಲ್ನಾಜ್ ದೋಣಿ ಸುದ್ದೀನಾ ಸರ್? ಒಂದು ಮಾತು ಹೇಳ್ತೀನಿ, ಸಿಯಾಂಗ್ ಸಿಯಾಂಗ್ ಅಂತ ಎಲ್ಲಾ ಬಡ್ಕಂತಾರ. ಕಠಿಣ ಅಂದ್ರ ಕೊಡಗಿನ ಬಾರಾಪೊಳೆ ಸರ್!"

"ನಾನು ಕೇಳಿದ್ದು..."

"ಮಳಿಗಾಲದಾಗ ಒಮ್ಮೆ ಇಳಿದು ನೋಡ್ರಿ. ನೀರು ಕೆಂಪಗೆ, ಚಾ ಇದ್ದಂಗ. ಬಾಯಾಗ ಎಲಿ ಕೊಳೆತ ರುಚಿ. ಮುಂದ ಏನೈತಿ ಅನ್ನಾದೇ ಕಾಣಂಗಿಲ್ಲ, ಬರೇ ಗುಡುಗು. ಬಂಡೆ ತಪ್ಪಿಸಿದೆ ಅನ್ನೂದ್ರಾಗ ಇನ್ನೊಂದು ಬಂಡೆ ಎದಿಗೆ. ಸಿಯಾಂಗ್ ಬರೇ ನೀರು ಜಾಸ್ತಿ ಸರ್. ನೀರು ಜಾಸ್ತಿ ಆದ್ರ ಕಠಿಣ ಆಗ್ತದಾ? ಹಂಗಾದ್ರ ಸಮುದ್ರಕ್ಕೇ ಬಹುಮಾನ ಕೊಡ್ರಿ!"

"ಹೊಳಿಪುರಾಣ ಬ್ಯಾಡಲೇ! ರಾತ್ರಿ ಎಲ್ಲಿದ್ದೆ? ಕೈಗೇನಾತು?"

"ಇಲ್ಲೇ ಸರ್. ನನ್ನ ದೋಣಿ ತಳ ಬಿಟ್ಟಿತ್ತು. ಪ್ಲಾಸ್ಟಿಕ್ ಕಾಸಿ ಬೆಸೀತಾ ಕೈ ಸುಟ್ಟೆ. ಇಕಿ ದೋಣಿ ಸಿಗಲಿಲ್ಲಾಂದ್ರ ನನ್ನದಾರ ಕೊಡಾಣ ಅಂತ ಬೆಳಿಗ್ಗಿ ಮತ್ತ ಕೂತೆ. ಅಕಿಗೆ ಅದು ದೊಡ್ಡದಾಗ್ತದ, ಗೊತ್ತದ. ಏನ್ಮಾಡ್ಲಿ?"

ಅಂಗಡಿಯ ಮಾಲೀಕ ಖಲೀಲ್ ಒಳಗಿನಿಂದ ಕೂಗಿದ. "ಖರೇ ಐತ್ರಿ ಸಾಹೇಬ್ರೆ! ರಾತ್ರಿಯೆಲ್ಲಾ ನನ್ನ ಕರೆಂಟ್ ಸುಟ್ಟಾನ. ಡಾಕ್ಟ್ರ ಹತ್ರ ನಾನೇ ಕರ್ಕೊಂಡ್ಹೋದೆ. ನನ್ನ ನಿದ್ದಿನೂ ಹೋತು."

ಡಾಕ್ಟರ ಚೀಟಿ ಜೇಬಿನಲ್ಲೇ ಇತ್ತು. ಶಿವಯೋಗಪ್ಪ ಹಣೆ ಒತ್ತಿಕೊಂಡರು. ರಾತ್ರಿ ಎಲ್ಲಿದ್ದೆ ಎಂದರೆ ಈತ ಕೊಡಗಿಗೆ ಹೋಗಿ ಬರುತ್ತಾನೆ. ಇನ್ನು ಯಾರು ಯಾವ ದೇಶ ಸುತ್ತಿಸುತ್ತಾರೋ!

* * *

ಸುತ್ತಿಸುವವರು ದಾವಣಗೆರೆಯಲ್ಲಿದ್ದರು.

ಕಯಾಕ್ ಕ್ಲಬ್ಬಿನ ಮುಖ್ಯಸ್ಥ ಗಿರೀಶ, ಆಟದ ಸಾಮಾನಿನ ಅಂಗಡಿ ಇಟ್ಟವರು. ಎತ್ತರದ ಆಳು, ಮೆದು ಮಾತು. ಅಂಗಡಿಯ ಬಾಗಿಲಿಗೆ ದೊಡ್ಡ ಪೋಸ್ಟರ್ ಅಂಟಿಸಿತ್ತು: 'ದೇಶದ ಅತಿ ಕಠಿಣ ಹೊಳೆಗಳು. ಇಳಿದು ಬಂದವರ ಮಾತಿನಲ್ಲಿ. ಉಪನ್ಯಾಸ: ಗಿರೀಶ.'

"ಬರ್ರಿ ಸರ್, ಕೂಡ್ರಿ. ಪಾಪ ಗುಲ್ನಾಜ್. ಆಯ್ಕೆಗೆ ಶಿಫಾರಸು ಬರ್ದುಕೊಟ್ಟಿದ್ದೇ ನಾನು. ಯಾರೋ ಗುಜರಿಯವ್ರು ಹೊತ್ಕೊಂಡು ಹೋಗಿರ್ತಾರೆ. ಇಷ್ಟೊತ್ತಿಗೆ ಕುಯ್ದು ಚೂರು ಮಾಡಿರ್ತಾರೆ."

ಮೇಜಿನ ಮೇಲೆ ಬೈಕಿನ ಕೀಲಿಗೊಂಚಲು ಬಿದ್ದಿತ್ತು. ಅದರಲ್ಲಿ ಹೆಬ್ಬೆರಳು ಗಾತ್ರದ ಕಪ್ಪು ಪ್ಲಾಸ್ಟಿಕ್ ಬಿರಡೆಯೊಂದು, ಸುತ್ತ ತಿರುಪಿನ ಗೆರೆ ಕೊರೆದದ್ದು, ದಾರದಲ್ಲಿ ಜೋತಿತ್ತು. ಶಿವಯೋಗಪ್ಪ ಅದನ್ನು ನೋಡಿದರು. ಜನ ಕೀಲಿಗೆ ಏನೇನೋ ಕಟ್ಟಿಕೊಳ್ಳುತ್ತಾರೆ.

"ನೀವೂ ಆ ಸಿಯಾಂಗ್‌ಗೆ ಹೋಗಿದ್ರಂತೆ?"

ಕೇಳಬಾರದಿತ್ತು. ಕೇಳಿಯಾಯಿತು.

"ಹೋಲಿಸಿ ನೋಡ್ಬೇಕು ಸರ್. ಈಗ ಉತ್ತರಾಖಂಡದ ಟೋನ್ಸ್ ತಗೊಳ್ರಿ. ನಾನು ಇಳಿದಾಗ ಹಿಮ ಕರಗಿದ ನೀರು. ಮುಖಕ್ಕೆ ಬಡಿದ್ರೆ ಹಲ್ಲಿನ ಬೇರೆಲ್ಲಾ ಜುಮ್ ಅಂತಾವೆ. ಬೆರಳು ಹುಟ್ಟನ್ನ ಹಿಡಿದಾವೋ ಬಿಟ್ಟಾವೋ ತಿಳಿಯಲ್ಲ. ಲಡಾಖಿನ ಝನ್‌ಸ್ಕಾರ್ ಅಷ್ಟು ಜೋರಿಲ್ಲ, ಆದ್ರೆ ಒಳಗೆ ಹೋದ್ರೆ ಎರಡೂ ಕಡೆ ಗೋಡೆ. ಬ್ಯಾಡ ಅಂತ ವಾಪಸ್ ಬರೋಹಂಗಿಲ್ಲ. ನನ್ನ ಎದೆಬಡಿತ ನನಗೇ ಕೇಳ್ತಿತ್ತು."

"ಸಿಯಾಂಗು?"

ಗಿರೀಶ ಕಿಟಕಿಯ ಕಡೆ ನೋಡಿದರು. "ಅದು ಎಲ್ಲಕ್ಕಿಂತ ಮೇಲೆ. ಮೂರು ದೊಡ್ಡ ಅಲೆ ಸಾಲಾಗಿ ಬರ್ತಾವೆ. ಅವುಗಳ ಹಿಂದೆ ನೀರಿನ ಗುಂಡಿ. ಪಕ್ಕದಲ್ಲಿ ತಪ್ಪಿಸ್ಕೊಳ್ಳೋಕೆ ಬೆಳ್ಳಗೆ ಸಣ್ಣ ದಾರಿ, ಬೈತಲೆ ತೆಗೆದಂಗೆ. ದೋಣಿ ಅದರಾಗ ಅಕ್ಕಿಕಾಳಿನಷ್ಟು ಕಾಣುತ್ತೆ ಸರ್. ಒಂದು ಸಲ ಕಾಣುತ್ತೆ. ಮತ್ತೆ ಕಾಣಲ್ಲ."

"ಕರಿಬಸವರಾಜ?"

"ಇಬ್ರೂ ಜೊತೆಗೇ ಇಳಿದ್ವಿ. ಅವ ಮಗಚಿದ. ನಾನು ಬೆನ್ನಟ್ಟಿದೆ. ಸಿಗಲಿಲ್ಲ. ಅವನ ಹುಟ್ಟು ಕೂಡ ಹೊಳೆ ಪಾಲಾಯ್ತು."

ಹೊರಗೆ ಬಂದಾಗ ಗಣೇಶ ಬೆಣ್ಣೆದೋಸೆ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. "ಏನಂದ್ರು ಸರ್?"

"ದೇಶ ತೋರಿಸಿದ್ರು. ಕಳ್ಳನ್ನ ಬಿಟ್ಟು ಎಲ್ಲಾ ತೋರಿಸಿದ್ರು."

ಆದರೆ ಜೀಪು ಹರಿಹರದ ದಾರಿ ಹಿಡಿದ ಮೇಲೆ ಶಿವಯೋಗಪ್ಪನವರ ಮನಸ್ಸಿನಲ್ಲಿ ಏನೋ ಹಲ್ಲಿಗೆ ಸಿಕ್ಕ ಎಳ್ಳಿನಂತೆ ಕಾಡತೊಡಗಿತು. ಅವರ ಅಜ್ಜಿ ಕಥೆ ಹೇಳುವವಳು. ಸುಗ್ಗಿ ಮುಗಿದ ಮೇಲೆ ಊರೇ ಅವಳ ಜಗಲಿಯಲ್ಲಿ ಕೂರುತ್ತಿತ್ತು. ಅವಳು ಹೇಳುತ್ತಿದ್ದುದೊಂದಿತ್ತು: 'ಕಾಡು ಹೊಕ್ಕು ಬಂದವ ಮುಳ್ಳಿನ ಮಾತು ಆಡ್ತಾನ. ಬೆಟ್ಟದ ಮ್ಯಾಲೆ ನಿಂತು ನೋಡಿದವ ಹಸುರಿನ ಮಾತು ಆಡ್ತಾನ.'

ಅಕ್ಕಿಕಾಳು. ದೋಣಿಯೊಳಗೆ ಕೂತವನಿಗೆ ದೋಣಿ ಅಕ್ಕಿಕಾಳಿನಂತೆ ಹೇಗೆ ಕಾಣುತ್ತದೆ?

* * *

ಇಳಿಹೊತ್ತು. ಮಂಜು ಹರಿದು ಬಿಸಿಲು ಬಿದ್ದಿತ್ತು. ಗುಲ್ನಾಜ್ ಬಟ್ಟೆಯ ಚೀಲ ಕಟ್ಟಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಕಯಾಕ್ ಇಲ್ಲದೆ ಆ ಚೀಲ ಯಾರ ಮನೆಗೋ ಹೊರಟ ನೆಂಟರ ಗಂಟಿನಂತೆ ಕಾಣುತ್ತಿತ್ತು.

"ಗಿರೀಶ್ ಸರ್ ಬಗ್ಗೆ ಯಾಕ ಕೇಳ್ತೀರಿ ಸರ್? ಅವ್ರು ಒಳ್ಳೇವ್ರು. ಸಿಯಾಂಗಿನ ಕಥೆ ಎಷ್ಟು ಸಲ ಹೇಳ್ಯಾರ."

"ಅಲ್ಲಿ ನಿಮ್ಮ ಟೀಮಿನ ಮುಂದಾಳು ಯಾರು?"

"ಕರಿಬಸಣ್ಣನ ಕೂಡ ಹೋಗಿದ್ದವ್ರೇ. ಆವತ್ತು ಅವ್ರು ದಂಡಿಮ್ಯಾಲೆ ಇದ್ರಂತ. ಇನ್ನೂ ಭೇಟಿ ಆಗಿಲ್ಲ. ಕರಿಬಸಣ್ಣ ಹೊರಡೋ ಮುಂದ ತನ್ನ ಹುಟ್ಟು ತೋರಿಸಿ ಹೇಳಿದ್ದ ಸರ್, 'ನೀನು ಸಿಯಾಂಗ್‌ಗೆ ಹೊಂಟ ದಿನ ಇದು ನಿಂದು' ಅಂತ. ಹೋಗ್ಲಿ ಬಿಡ್ರಿ. ಹೊಳಿ ಅದನ್ನೂ ತಗಂತು. ಈಗ ದೋಣಿನೂ ಹೋತು."

ಫೋನು. ನಾಗಕ್ಕ.

"ಸೂರ್ಯ ಮುಳುಗಾದ್ರೊಳಗಾರ ಬಿಡ್ತೀರೋ, ನಾನೇ ಬರ್ಲೋ?"

"ಬಿಡ್ತೀನಿ ಮಾರಾಯ್ತಿ, ಈಗ್ಲೇ ಬಿಡ್ತೀನಿ!"

ಸಿಟ್ಟಿನಿಂದಲೇ ದೊನ್ನೆ ತೆಗೆದುಕೊಂಡು ಹೊಳೆಗಿಳಿದರು. ಬಿಸಿಲಿಗೆ ಎಲೆ ಬಾಡಿತ್ತು. ಬತ್ತಿ ಹಚ್ಚಿದರು. ಸಿಟ್ಟಿಟ್ಟುಕೊಂಡು ದೀಪ ಬಿಡಬಾರದೆಂದು ಒಂದು ಗಳಿಗೆ ಕಣ್ಣು ಮುಚ್ಚಿದರು. ಹರಿಯೂ ನೀನೇ, ಹರನೂ ನೀನೇ. ಆ ಹುಡುಗಿಗೊಂದು ದಾರಿ ತೋರಿಸು. ನನಗೂ ತೋರಿಸಿದರೆ ಬೇಡ ಅನ್ನುವುದಿಲ್ಲ.

ದೊನ್ನೆ ತೇಲಿತು. ಸೆಳವಿಗೆ ಸಿಕ್ಕಿ ಸೇತುವೆಯ ಕಂಬದ ಕಡೆ ಹೋಯಿತು. ಹೋಗಿ ನಿಂತುಬಿಟ್ಟಿತು.

ಅಲ್ಲಿ ಬಂಡೆಯಿಲ್ಲ, ಬೇರಿಲ್ಲ. ನೀರು ನಿಲ್ಲದೆ ಹರಿಯುತ್ತಿತ್ತು. ದೊನ್ನೆ ಮಾತ್ರ ನಿಂತಿತ್ತು. ಒಂದೇ ಅಲ್ಲ. ಬೆಳಿಗ್ಗೆ ಹೆಂಗಸರು ಬಿಟ್ಟ ದೊನ್ನೆಗಳು, ಬತ್ತಿ ಸುಟ್ಟು ಕಪ್ಪಾದವು, ಕಂಬದಿಂದ ಹೊಳೆಯ ನಡುವಿಗೆ ಗೆರೆ ಎಳೆದಂತೆ ಸಾಲಾಗಿ ನಿಂತಿದ್ದವು. ಮಂಜಿನಲ್ಲಿ ಬಿಟ್ಟವರಿಗೆ ಕಂಡಿರಲಿಲ್ಲ.

ಶಿವಯೋಗಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕರೆದರು. "ಗಣೇಶಾ. ಗಿರೀಶ್ ಅವರಿಗೆ ಫೋನ್ ಹಚ್ಚು. ಹೊಳೆ ಹುಡುಕ್ತೀವಿ, ಸಹಾಯಕ್ಕ ಬರ್ರಿ ಅನ್ನು. ಇಮ್ರಾನನ್ನೂ ಕರಿ."

* * *

ಎಲ್ಲರೂ ದಂಡೆಯಲ್ಲಿ ಸೇರಿದರು. ಶಿವಯೋಗಪ್ಪ ಮಂಡಕ್ಕಿ ಚೀಲದಿಂದ ನೀಲಿ ಹಗ್ಗವನ್ನು ಮರಳಿನ ಮೇಲೆ ಸುರಿದರು.

"ಒಬ್ಬೊಬ್ರೇ ಇದನ್ನ ಚೀಲಕ್ಕ ಹಾಕ್ರಿ ನೋಡಾಣ."

"ಸರ್, ರೈಲಿಗೆ ಹೊತ್ತಾಗ್ತದ!" ಗುಲ್ನಾಜಳಿಗೆ ರೇಗಿತು.

"ನನಗೆ ಬೆಳಿಗ್ಗಿಯಿಂದ ಹೊತ್ತಾಗೇತವ್ವ. ಸ್ವಲ್ಪ ತಡಿ."

ಮಕ್ತುಮ್ ಸಾಬ್ ಹಗ್ಗವನ್ನು ಬಳೆ ಬಳೆಯಾಗಿ ಸುತ್ತಿ ಇಳಿಸಿದರು. ಗಣೇಶ ಮೊಣಕೈಗೆ ಸುತ್ತಿದ. ಇಮ್ರಾನ್ ಸುಟ್ಟ ಕೈಯಲ್ಲೇ, ಸುತ್ತದೆ, ಹಿಡಿ ಹಿಡಿಯಾಗಿ ಚೀಲಕ್ಕೆ ತುರುಕಿ ತುದಿಯ ಕುಣಿಕೆಯನ್ನು ಹೊರಗೆ ಬಿಟ್ಟ. ಗಿರೀಶ ಹಗ್ಗ ಹಿಡಿದರು. ಏನೋ ನೆನಪಾದಂತೆ ನಿಂತರು. ಆಮೇಲೆ ಸುತ್ತತೊಡಗಿದರು.

ಗುಲ್ನಾಜಳ ಹುಬ್ಬು ಗಂಟಾಯಿತು. "ಯಾಕ್ ಸರ್ ಸುತ್ತೀರಿ? 'ಸುತ್ತಿದ ಹಗ್ಗ ಎಸೆದಾಗ ಸಿಕ್ಕಾಗ್ತದ, ಮುಳುಗೋನು ಕಾಯಂಗಿಲ್ಲ, ತುರುಕು' ಅಂತ ಕಲಿಸಿದ್ದೇ ನೀವು."

ಶಿವಯೋಗಪ್ಪ ಹೊಳೆಯ ಕಡೆ ತಿರುಗಿದರು.

"ಮಕ್ತುಮ್ ಸಾಬ್ರೇ, ತೆಪ್ಪ ಬಿಡ್ರಿ. ದೊನ್ನೆ ನಿಂತ ಕಡೆ ಕೈ ಹಾಕ್ರಿ."

ಮಕ್ತುಮ್ ಸಾಬ್ ತೆಪ್ಪ ತಿರುಗಿಸುತ್ತಾ ಹೋಗಿ ನೀರಿಗೆ ಕೈ ಇಳಿಸಿದರು. ಬೆರಳು ಮುಳುಗುವ ಆಳದಲ್ಲೇ ಬಿಗಿದ ಹಗ್ಗ. ನೀಲಿ ನೈಲಾನು. ಒಂದು ತುದಿ ಕಂಬಕ್ಕೆ. ಇನ್ನೊಂದು ತುದಿ ಎಳೆದಾಗ ತಳದಿಂದ ಕೆಂಪು ಬೆನ್ನು ಮೇಲೆದ್ದಿತು. ಹೊಟ್ಟೆ ತುಂಬಾ ಕಲ್ಲು. ತೆಪ್ಪಕ್ಕೆ ಕಟ್ಟಿ ದಂಡೆಯ ಕಡೆ ಎಳೆದು ತಂದರು.

ಗುಲ್ನಾಜ್ ಮೊಣಕಾಲುದ್ದ ನೀರಿಗೆ ಓಡಿದಳು. ಕಲ್ಲು ತೆಗೆದಳು, ಮೈ ಸವರಿದಳು. ಆಮೇಲೆ ಕೂಗಿದಳು. "ಬಿರಡಿ ಇಲ್ಲ! ನೀರು ಬಸಿಯೋ ತೂತಿಂದು. ಅದಿಲ್ಲಾಂದ್ರ ಇದು ದೋಣಿ ಅಲ್ಲ, ಜರಡಿ!"

ಶಿವಯೋಗಪ್ಪ ಕೈ ಚಾಚಿದರು. "ಗಿರೀಶ್ ಅವರೇ, ನಿಮ್ಮ ಬೈಕಿನ ಕೀಲಿ ಕೊಡ್ರಿ."

ಗಿರೀಶರ ಕೈ ಜೇಬಿಗೆ ಹೋಯಿತು. ಅಲ್ಲೇ ನಿಂತಿತು. ಬಹಳ ಹೊತ್ತಿನ ಮೇಲೆ ಕೀಲಿಗೊಂಚಲು ಹೊರಬಂತು. ಗುಲ್ನಾಜ್ ಬಿರಡೆ ಬಿಚ್ಚಿ ತೂತಿಗೆ ತಿರುಗಿಸಿದಳು. ತಾಯಿಯ ಸೊಂಟಕ್ಕೆ ಮಗು ಕೂತ ಹಾಗೆ ಕೂತಿತು.

"ನೀವಾ ಸರ್?" ಅಂದಳು. ಕೂಗಲಿಲ್ಲ.

* * *

ಶಿವಯೋಗಪ್ಪ ಮೆಟ್ಟಿಲ ಮೇಲೆ ಕೂತರು. ಮೊಣಕಾಲು ಬೆಳಿಗ್ಗೆಯಿಂದ ನೋಯುತ್ತಿತ್ತು.

"ಬುದ್ಧಿವಂತ್ರು ನೀವು. ಕದ್ದಿದ್ದು ತೆಪ್ಪದೋರು ಅಂತ ಕಾಣ್ಲಿ ಅಂತ ಬಜಾರಿನ ಹಗ್ಗ, ಮಂಡಕ್ಕಿ ಚೀಲ ತಂದ್ರಿ. ಆದ್ರ ಉಳಿದ ಹಗ್ಗನ ಕೈ ತನ್ನ ಪಾಡಿಗೆ ತಾನೇ ತುರುಕ್ತು. ಬಿರಡಿನ ಹೊಳಿಗೆ ಎಸೆದಿದ್ರ ನನಗೆ ಏನೂ ಉಳೀತಿರಲಿಲ್ಲ. ಯಾಕ ಎಸೀಲಿಲ್ಲ?"

"ಎಸೆಯೋಕೆ ಕೈ ಬರಲ್ಲ ಸರ್." ಗಿರೀಶರ ದನಿ ಕೇಳಿಸದಷ್ಟು ಸಣ್ಣದಾಗಿತ್ತು. "ಬಿಚ್ಚಿದ ಬಿರಡೆ ಕಳೀಬಾರ್ದು ಅಂತ ಕೀಲಿಗೆ ಕಟ್ಟೋದು ರೂಢಿ. ಹುಡುಗ್ರಿಗೂ ಹಂಗೇ ಕಲಿಸೀನಿ. ರೈಲು ಹೋದ ಮೇಲೆ ದೋಣಿ ತೆಗೆದು ಕೊಡೋನಿದ್ದೆ."

"ಅಷ್ಟರಾಗ ಇಕಿ ಜಾಗ ಹೋಗಿರ್ತಿತ್ತು. ಅದೇ ಬೇಕಿತ್ತು ನಿಮಗ. ಇಕಿ ಸಿಯಾಂಗ್‌ಗೆ ಹೋಗಬಾರ್ದು. ಅಲ್ಲಿ ಆ ಮುಂದಾಳಿನ ಬಾಯಿಂದ ಆವತ್ತಿನ ಸುದ್ದಿ ಕೇಳಬಾರ್ದು. ಶಿಫಾರಸು ಬರೆಯೋ ಮುಂದ ಮುಂದಾಳು ಯಾರಂತ ನಿಮಗ ಗೊತ್ತಿರಲಿಲ್ಲ, ಇಮ್ರಾನನ ದೋಣಿ ಅಂತೂ ಮೊದಲೇ ತಳ ಬಿಟ್ಟಿತ್ತು." ಶಿವಯೋಗಪ್ಪ ತಲೆಯೆತ್ತಿದರು. "ಟೋನ್ಸ್ ಹೇಳುವಾಗ ನಿಮ್ಮ ಹಲ್ಲು ನೋಯ್ತು. ಝನ್‌ಸ್ಕಾರ್ ಹೇಳುವಾಗ ಎದಿ ಬಡೀತು. ಸಿಯಾಂಗ್ ಹೇಳುವಾಗ ಮಾತ್ರ ಮೈ ಎಲ್ಲೂ ಇಲ್ಲ. ಬರೇ ಕಣ್ಣು. ಅಲೆ ಎಷ್ಟು, ದಾರಿ ಎಲ್ಲಿ, ದೋಣಿ ಅಕ್ಕಿಕಾಳು. ನೀವು ನೀರಿಗೆ ಇಳಿದೇ ಇಲ್ಲ. ಎತ್ತರದ ದಂಡಿಮ್ಯಾಲೆ ನಿಂತಿದ್ರಿ."

ಗಿರೀಶ ಕೆಳಗಿನ ಮೆಟ್ಟಿಲ ಮೇಲೆ ಕುಕ್ಕರಿಸಿದರು.

"ಹೆದರಿದೆ," ಅಂದರು ಗಿರೀಶ. "ಇಳಿಯಲ್ಲ ಅಂದೆ. ಅವ ನಕ್ಕು, 'ಹೋಗ್ಲಿ, ಕೆಳಗೆ ಹಗ್ಗ ಹಿಡ್ಕೊಂಡು ನಿಂತಿರು' ಅಂದ. ಮೇಲಿಂದ ವಿಡಿಯೋ ಚಲೋ ಬರ್ತದೆ ಅಂತ ನಾನು ಕೆಳಗಿಳಿಯೋದು ತಡ ಮಾಡಿದೆ. ಹಗ್ಗದ ಚೀಲ ನನ್ನ ಹೆಗಲ ಮೇಲೇ ಇತ್ತು."

ಮಕ್ತುಮ್ ಸಾಬ್ ಮುಖ ತಿರುಗಿಸಿಕೊಂಡರು. ಇಮ್ರಾನ್ ಬಾಯಲ್ಲಿ ಯಾವ ಹೊಳೆಯ ಹೆಸರೂ ಬರಲಿಲ್ಲ.

ಗುಲ್ನಾಜ್ ಬಟ್ಟೆ ಹಿಂಡುತ್ತಾ ಮೇಲೆ ಬಂದಳು. "ಹೆದರಿದ್ದು ತಪ್ಪಲ್ಲ ಸರ್. ಹೆದರಿಕಿ ಆದಲ್ಲಿ ದೋಣಿ ಹೆಗಲ ಮ್ಯಾಲೆ ಹೊತ್ಕೊಂಡು ದಂಡೆಗುಂಟ ನಡೆಯಾದು ಕಲಿಸಿದ್ದೂ ನೀವೇ. ಆದ್ರ ನಾನು ಕೇಸು ವಾಪಸ್ ತಗಳ್ಳಲ್ಲ." ಅಪ್ಪನ ಕಡೆ ತಿರುಗಿದಳು. "ಅಬ್ಬಾ, ಒಂದು ಕಡೆ ಹಿಡೀ. ರೈಲು ಬರ್ತದ."

ಒಲೆಗೆ ಹಾಕುತ್ತೇನೆಂದಿದ್ದ ದೋಣಿಯ ಒಂದು ತುದಿಯನ್ನು ಮಕ್ತುಮ್ ಸಾಬ್ ಎತ್ತಿ ಹೆಗಲ ಮೇಲಿಟ್ಟುಕೊಂಡರು. "ಅಲ್ಲಿ ಹೆದರಿಕಿ ಆತಂದ್ರ ನಡ್ಕೊಂಡು ಬಾ ಬೇಟಿ," ಅಂದರು. ಅಷ್ಟೇ.

ಗಣೇಶ ಕೆಮ್ಮಿದ. "ಸರ್, ದೋಣಿ, ಬಿರಡಿ ಎರಡೂ ಮುದ್ದೆಮಾಲು. ಬಿಟ್ಟುಕೊಡಂಗಿಲ್ಲ."

"ಫೋಟೋ ಹೊಡ್ಕಾ. ಅಕಿ ಕಡೆ ಸಹಿ ತಗಾ. ಕೋರ್ಟಿಗೆ ನಾನು ಉತ್ತರ ಹೇಳ್ತೀನಿ. ಬಿರಡಿ ಇಲ್ಲದ ದೋಣಿ ಕೊಟ್ಟು ಕಳಿಸಿದ್ರ ಆ ಹರಿಹರೇಶ್ವರಗ ಏನು ಉತ್ತರ ಹೇಳ್ಲೋ?"

* * *

ಪಂಚನಾಮೆಗೆಂದು ಗಿರೀಶರನ್ನು ದಾವಣಗೆರೆಯ ಮನೆಗೆ ಕರೆದೊಯ್ದರು. ಬರೆಯಲು ಕೂರುವ ಮೊದಲೇ ಗಿರೀಶ ಅಟ್ಟದ ಕಡೆ ಕೈ ತೋರಿಸಿದರು.

"ಸರ್, ಒಂದು ಸಾಮಾನು ಐತೆ. ಅವ ಹೋದ ಮಾರನೇ ದಿನ ಕೆಳಗೆ ದಂಡೆಗೆ ತೇಲಿ ಬಂದಿತ್ತು. ಗುಲ್ನಾಜ್ ಹೊರಟ ರೈಲು ಇಲ್ಲೂ ನಿಲ್ಲುತ್ತೆ."

ಹಳೆಯ ಜಮಖಾನದಲ್ಲಿ ಸುತ್ತಿದ ಉದ್ದನೆಯ ಗಂಟು ಕಂಡು ಶಿವಯೋಗಪ್ಪ ಹಣೆ ಚಚ್ಚಿಕೊಂಡರು. "ಇದೊಂದು ಬಾಕಿ ಇತ್ತು! ಹತ್ರಿ ಜೀಪು."

ರೈಲು ದಾವಣಗೆರೆಯ ಪ್ಲಾಟ್‌ಫಾರಂಗೆ ಬಂದು ನಿಂತಿತು. ಗುಲ್ನಾಜ್ ಬಾಗಿಲ ಹತ್ತಿರವೇ ನಿಂತಿದ್ದಳು. ಪೊಲೀಸರ ನಡುವೆ ಬರುತ್ತಿದ್ದ ಗಿರೀಶರನ್ನು ಕಂಡು ಅವಳ ಮುಖ ಬಿಗಿಯಿತು. ಗಿರೀಶ ಜಮಖಾನ ಬಿಚ್ಚಿದರು. ಎರಡೂ ತುದಿಗೆ ಎಲೆಯಂಥ ಅಲಗು, ನಡುವೆ ಕೈ ಹಿಡಿದು ಹಿಡಿದು ಸವೆದ ಜಾಗ. ಕರಿಬಸವರಾಜನ ಹುಟ್ಟು.

ರೈಲು ಕೂಗಿತು. ಗಿರೀಶ ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಕೈಗೆ ಕೊಟ್ಟು, ಹಿಂದೆ ಸರಿದು ನಿಂತರು.